ಇನ್ನೊಂದು ಸರ್ವರಿನ ‘ಬಿಸಿಲು’

"ಗೌರೀಶ್ ಅಂದ್ರೆ ನೀವೇನಾ?"

ಕ್ಯಾತಗಾನಚೆರ್ಲುವಿನ ಸೋಲಾರ್ ಪಾರ್ಕ್ ಗೇಟಿನ ಮುಂದೆ, ಕೆಲಸ ಮುಗಿಸಿ ಹೊರಬಂದವನನ್ನು ಲೋಹಿತಾ ತಡೆದು ಕೇಳಿದಳು. ಆರು ತಿಂಗಳು ಜಾಲತಾಣದಲ್ಲಿ ದಿನಾ ಹರಟಿದ್ದವನ ಮುಖವನ್ನು ಅವಳು ನೋಡುತ್ತಿದ್ದದ್ದು ಇದೇ ಮೊದಲು!

"ಹೌದು... ನೀವು?"

"ಮಧುಗಿರಿ ಲೋಹಿತಾ."

ಹೆಲ್ಮೆಟ್ ತೆಗೆಯುತ್ತಿದ್ದ ಅವನ ಕೈ ಅಲ್ಲೇ ನಿಂತಿತು.

"ಮನೆಗೆ ಬಂದು ಅಪ್ಪನ್ನ ಕೇಳಲಾ ಅಂದ್ರಿ. ನಾನು ಹೂಂ ಅಂತ ಬರೆದ್ರೆ, ‘ಯಾರಮ್ಮ ನೀನು’ ಅಂತೀರಾ? ಹಿಂಗಾ ಆಟ ಆಡೋದು?"

ಪಾಪ, ಅವಳ ಸಂಕಟ ಅವಳಿಗೆ! ಶಿರಾದ ಹುಡುಗನ ಕಡೆಯವರು ಭಾನುವಾರ ಹೆಣ್ಣು ನೋಡಲು ಬರುವವರಿದ್ದರು. ಬನ್ನಿ ಅನ್ನಬೇಕೋ ಬೇಡವೋ, ಐದು ಗಂಟೆಯೊಳಗೆ ಅಪ್ಪ ನಂದೀಶ್ವರಯ್ಯನವರಿಗೆ ಉತ್ತರ ಬೇಕಿತ್ತು. ಆಗಲೇ ನಾಲ್ಕೂಮುಕ್ಕಾಲು.

"ಹೂಂ ಅಂದ್ರಾ? ಯಾವಾಗ್ರೀ? ನಂಗೇನೂ ಬಂದಿಲ್ಲ! ಹತ್ತೊಂಬತ್ತು ದಿನದಿಂದ ಫೋನ್ ಹಿಡ್ಕೊಂಡು ಕೂತಿದೀನಿ. ಇಷ್ಟ ಇಲ್ವೇನೋ ಅಂತ..."

ಸುಳ್ಳು ಹೇಳ್ತಿದಾನಾ? ಅಯ್ಯೋ ದೇವ್ರೇ, ಯಾಕಾದ್ರೂ ಬಂದೆ! ಅವಳು ಫೋನನ್ನೇ ಅವನ ಮುಖಕ್ಕೆ ಹಿಡಿದಳು.

"ನೋಡಿ, ‘ಬಿಸಿಲು’. ಅಲ್ಲಿ ನೀವಿಟ್ಕೊಂಡಿರೋ ಹೆಸ್ರೇ ತಾನೆ?"

"ಹೆಸ್ರು ನಂದೇ... ಸರ್ವರ್ ನಂದಲ್ಲ! ಹೆಸ್ರಿನ ಪಕ್ಕದಲ್ಲಿ ಸರ್ವರ್ ಯಾವ್ದು ಅಂತ ಬರೆದಿರೋದು ನೋಡಿ. ಇವ್ರು ಬೇರೆ ಯಾರೋ ಕಣ್ರೀ!"

ಆದದ್ದಿಷ್ಟು. ಅವರು ಮಾತಾಡುತ್ತಿದ್ದ ಜಾಲತಾಣಕ್ಕೆ ಒಬ್ಬ ಮಾಲೀಕನಿರಲಿಲ್ಲ. ಅದು ಹಲವು ಸರ್ವರುಗಳು ಸೇರಿ ಆದ ಜಾಲ; ಒಂದೊಂದು ಸರ್ವರನ್ನು ಒಬ್ಬೊಬ್ಬರು ತಮ್ಮ ಬಿಡುವಿನಲ್ಲಿ ನಡೆಸುತ್ತಿದ್ದರು. ಗೌರೀಶ್ ಮದುವೆ ಮಾತೆತ್ತಿದ ಮಾರನೇ ದಿನವೇ ಲೋಹಿತಾಳ ಸರ್ವರಿನವರು ಸಾಕಾಯಿತೆಂದು ಮುಚ್ಚಿಬಿಟ್ಟರು. ಹಳೆಯ ಮಾತೆಲ್ಲ ಮಾಯ! ಅವಳು ಇನ್ನೊಂದು ಸರ್ವರಿಗೆ ಸೇರಿ ‘ಬಿಸಿಲು’ ಅಂತ ಹುಡುಕಿದಳು. ಸಿಕ್ಕ ಮೊದಲ ಬಿಸಿಲಿಗೇ ಮನಸ್ಸು ಬಿಚ್ಚಿಟ್ಟಳು. ಒಂದೇ ಹೆಸರು ಸರ್ವರಿಗೊಬ್ಬರಿಗೆ ಇರಬಹುದೆಂದು ಅವಳಿಗೇನು ಗೊತ್ತು!

"ಇನ್‌ಸ್ಟಾಗ್ರಾಮ್ ಆಗಿದ್ರೆ ಒಂದು ಹೆಸ್ರಿಗೆ ಒಬ್ರೇ ಇರ್ತಿದ್ರು! ಇಲ್ಲಿ ಕಂಪನಿಯವ್ರ ಕಾಟ ಇಲ್ಲ, ಫೋನ್ ನಂಬರೂ ಬೇಡ ಅಂದಿದ್ದು ನೀವೇ ಅಲ್ವಾ? ಕಾಟ ಇಲ್ಲ, ಸರಿ... ಕಳೆದುಹೋದ್ರೆ ಹುಡುಕಿಕೊಡೋರೂ ಇಲ್ವಲ್ರೀ!"

ಅಷ್ಟು ಹೇಳುವಷ್ಟರಲ್ಲಿ ಅವಳು ಅತ್ತೇಬಿಟ್ಟಳು.

"ತಪ್ಪಾಯ್ತು, ಲೋಹಿತಾ. ನನ್ನ ಹಟಕ್ಕೆ ನಿಮ್ಮನ್ನೇ ಕಳ್ಕೊಳ್ತಿದ್ದೆ."

ಫೋನ್ ಬಡಿದುಕೊಂಡಿತು. ಅಪ್ಪ!

"ಏನಮ್ಮಾ, ಅವ್ರಿಗೆ ಬನ್ನಿ ಅನ್ನಲಾ?"

ಅವಳು ಗೌರೀಶನ ಕಡೆ ನೋಡಿದಳು. ಬೇಡ ಅಂತ ತಲೆಯಾಡಿಸಲೂ ಧೈರ್ಯ ಸಾಲದೆ ಅವನು ಕಣ್ಣು ತುಂಬಿಕೊಂಡು ನಿಂತಿದ್ದ.

"ಬೇಡಪ್ಪಾ... ಭಾನುವಾರ ಬೇರೆಯವ್ರು ಬರ್ತಾರೆ. ನಂಗೆ ಇಷ್ಟ ಆದವ್ರು."

ಅಪ್ಪ ಗಂಟಲು ಸರಿಮಾಡಿಕೊಂಡರು.

"ಬರ್ಲಿ... ಮಾತಾಡೋಣ."

ಲೋಹಿತಾ ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತಳು. ಗೌರೀಶ್ ಒಂದು ಗೇಣು ಬಿಟ್ಟು ಪಕ್ಕದಲ್ಲಿ ಕೂತ.

"ಅವತ್ತು ಏನಂತ ಬರ್ದಿದ್ರಿ? ಪೂರ್ತಿ ಹೇಳಿ."

"ನಾಚ್ಕೆ ಆಗುತ್ತೆ. ಓದಿದ ಆ ಪುಣ್ಯಾತ್ಮನ್ನೇ ಕೇಳ್ಕೊಳ್ಳಿ!"

"ಹೇಳ್ರೀ..."

ಅವಳು ಕಣ್ಣೊರೆಸಿಕೊಂಡು ಅವನನ್ನೇ ನೋಡಿದಳು.

"ನಿಮ್ಮನ್ನ ಬಿಟ್ಟು ಇನ್ಯಾರಿಗೂ ಹೂಂ ಅನ್ನಲ್ಲ ಅಂತ!"