ಬಾಗಿಲಿಗೆ ಎದುರಾದ ಕುರ್ಚಿ

"ತಡವಾಗಿ ಬಂದವರಿಗೆ ಇಲ್ಲಿ ಜಾಗ ಇಲ್ಲ" ಎಂದು ಟೋಮಾಶ್ ತರಗತಿಯ ಬಾಗಿಲನ್ನು ಯೂಹ್ವಾಳ ಮುಖದ ಮೇಲೇ ಮುಚ್ಚಿದ.

ಅವಳು ಅದನ್ನು ಮತ್ತೆ ತೆರೆದಳು. "ನಾನು ವಿದ್ಯಾರ್ಥಿನಿ ಅಲ್ಲ ಮೇಷ್ಟ್ರೇ, ನಿಮ್ಮ ದುಭಾಷಿ."

ಗಣಿತ ಕಲಿಸಲು ಪೋಲೆಂಡಿನಿಂದ ಚೀನಾದ ಲಾನ್‌ಝೌ ನಗರದ ಆ ಕಾಲೇಜಿಗೆ ಬಂದಿದ್ದ ಅಧ್ಯಾಪಕ ಕಿವಿಯವರೆಗೂ ಕೆಂಪಾದ. ತನ್ನ ಕುರ್ಚಿಯನ್ನೇ ಅವಳಿಗೆ ಬಿಟ್ಟುಕೊಟ್ಟ. ಅವಳ ಪ್ರೀತಿ ಮೊದಲಾದದ್ದು ಆ ಕುರ್ಚಿಯಿಂದ.

ಕಾಲೇಜಿಗೆ ಬೇಕಿದ್ದದ್ದು ಅವನ ಮುಖ. ಪ್ರವೇಶದ ಜಾಹೀರಾತಿಗಾಗಿ ಅದನ್ನು ಮುಖ್ಯ ಗೇಟಿನಲ್ಲಿ ಆಳೆತ್ತರಕ್ಕೆ ಅಂಟಿಸಿದ್ದರು. ವಿದೇಶಿ ಮೇಷ್ಟ್ರು ಎಲ್ಲರನ್ನೂ ಪಾಸು ಮಾಡಬೇಕೆಂಬುದು ಅಲ್ಲಿ ಯಾರೂ ಬಾಯಿಬಿಟ್ಟು ಹೇಳದ ನಿಯಮ. ಟೋಮಾಶ್ ಅರ್ಧ ತರಗತಿಯನ್ನು ಫೇಲು ಮಾಡಿದ. ಅಂಕ ತಿದ್ದಲು ಹೇಳಿದಾಗ, ತಪ್ಪು ಉತ್ತರ ಯಾವ ದೇಶದಲ್ಲಾದರೂ ತಪ್ಪೇ ಎಂದ.

ಮೇ ತಿಂಗಳಲ್ಲಿ ಡೀನ್ ಗುವಾನ್ ಅವನನ್ನು ಊಟಕ್ಕೆ ಕರೆದರು. ಬಾಗಿಲಿಗೆ ಎದುರಾದ, ಮುಖ್ಯ ಅತಿಥಿಯ ಕುರ್ಚಿಯಲ್ಲಿ ಕೂರಿಸಿದರು. ಗೌರವದ ಗುರುತಾಗಿ ಮೀನಿನ ತಲೆಯನ್ನು ಅವನತ್ತಲೇ ತಿರುಗಿಸಿಟ್ಟರು. ಉಳಿಯುವ ಮೇಷ್ಟ್ರಿಗೆ ಆ ಕುರ್ಚಿ ಸಿಗುವುದಿಲ್ಲ, ಅದು ಹೊರಡುವವರದು. ಒಪ್ಪಂದ ಮುಂದುವರಿಯದೆಂದು ಯಾರೂ ಹೇಳಲಿಲ್ಲ. ಮೇಜಿನ ಸುತ್ತಲಿದ್ದವರಿಗೆಲ್ಲ, ದುಭಾಷಿಯಾಗಿ ಬಂದಿದ್ದ ಯೂಹ್ವಾಳಿಗೂ, ಅದು ತಿಳಿದಿತ್ತು, ಅವನೊಬ್ಬನನ್ನು ಬಿಟ್ಟು.

"ತಿನ್ನಿ ಮೇಷ್ಟ್ರೇ, ನಿಮ್ಮ ಮುಖ ಸೊರಗಿದ್ರೆ ನಮ್ಮ ಗೇಟಿಗೇ ಅವಮಾನ" ಎಂದು ಡೀನ್ ಲೋಟ ಎತ್ತಿದರು.

ಟೋಮಾಶ್ ಹಿಗ್ಗಿ ಯೂಹ್ವಾಳತ್ತ ಬಾಗಿದ. "ನೋಡಿದ್ರಾ, ನನ್ನನ್ನ ಉಳಿಸ್ಕೊಂಡ್ರು. ಕೆಲಸ ಕೊಡ್ತೀವಿ ಅಂತ ಕರೆದಿದ್ದ ಚೆಂಗ್ಡು ವಿಶ್ವವಿದ್ಯಾಲಯದವರಿಗೆ ಬರೋಲ್ಲ ಅಂತ ನಾಳೆನೇ ಹೇಳಿಬಿಡ್ತೀನಿ."

ಈಗಲೇ ಹೇಳಬೇಕು... ಹೇಳಿದರೆ ಇವನು ಚೆಂಗ್ಡುವಿಗೆ ಹೋಗಿಬಿಡುತ್ತಾನೆ. ಕಾದರೆ ಡೀನ್ ಮನಸ್ಸು ಬದಲಿಸಲೂಬಹುದು...

ಅವಳು ಮೀನಿನ ತುಂಡೊಂದನ್ನು ಅವನ ಬಟ್ಟಲಿಗೆ ಹಾಕಿದಳು.

ಡೀನ್ ಮನಸ್ಸು ಬದಲಿಸಲಿಲ್ಲ. ಅವನಿಗೆ ವಿಷಯ ತಿಳಿಯುವಷ್ಟರಲ್ಲಿ ಚೆಂಗ್ಡುವಿನ ಹುದ್ದೆ ಬೇರೊಬ್ಬರ ಪಾಲಾಗಿತ್ತು. ಜುಲೈನಲ್ಲಿ ವೀಸಾ ಮುಗಿಯಿತು.

ವಿಮಾನ ನಿಲ್ದಾಣದಲ್ಲಿ ಅವಳು ತಾನಾಗಿ ಹೇಳಿದಳು. "ಆ ಊಟ ಯಾತಕ್ಕೆ ಅಂತ ನನಗೆ ಅವತ್ತೇ ಗೊತ್ತಿತ್ತು."

ಅವನು ಕೈಲಿದ್ದ ಚೀಲವನ್ನು ಕೆಳಗಿಟ್ಟ. "ಯಾಕೆ ಹೇಳ್ಲಿಲ್ಲ ಯೂಹ್ವಾ?"

"ನಿಮ್ಮನ್ನ ಪ್ರೀತಿಸ್ತಿದ್ದೆ. ನೀವು ದೂರ ಹೋಗೋದು ಬೇಡವಾಗಿತ್ತು."

"ಚೆಂಗ್ಡು ದೂರ ಅಲ್ಲ. ರೈಲಲ್ಲಿ ಒಂದು ಹಗಲು... ಪ್ರತಿ ರಜಕ್ಕೂ ಬರ್ತಿದ್ದೆ. ನಿಮಗೋಸ್ಕರಾನೇ ಬರ್ತಿದ್ದೆ."

ಅವಳು ತಲೆ ತಗ್ಗಿಸಿದಳು. ಅವನು ಅವಳ ಕೆನ್ನೆಯನ್ನು ಅಂಗೈಯಿಂದ ಒರೆಸಿದ.

"ಗೇಟಿನಲ್ಲಿರೋ ನನ್ನ ಚಿತ್ರ?"

"ತೆಗೆಯೋಲ್ಲ. ಪ್ರವೇಶ ಮುಗಿಯೋವರೆಗೂ ಇರುತ್ತೆ."

"ಹಾಗಾದ್ರೆ ದಿನಾ ನೋಡ್ತೀರಿ."

"ಇಲ್ಲ. ನಾಳೆಯಿಂದ ಹಿಂದಿನ ಗೇಟಿಂದ ಓಡಾಡ್ತೀನಿ."