ಐವತ್ತು ನಿಮಿಷದ ನಿದ್ದೆ

ಮಧ್ಯಾಹ್ನ ಎರಡೂ ಹತ್ತಕ್ಕೆ ಹುಲಿಗೆಪ್ಪ ಹಣೆಗೆ ನಿದ್ದೆಯ ಪಟ್ಟಿ ಕಟ್ಟಿಕೊಂಡು ಮಲಗಿದ. ಮೂರು ಗಂಟೆಗೆ ಎದ್ದು ಕುಳಿತ. ಆ ಐವತ್ತು ನಿಮಿಷ ಅವನು ಮಗ್ಗುಲು ಬದಲಿಸಲಿಲ್ಲ, ಗೊರಕೆ ಹೊಡೆಯಲಿಲ್ಲ. ಪಕ್ಕದ ಪರದೆಯ ಮೇಲೆ ಅವನ ಮಿದುಳಿನ ಅಲೆಗಳು ನಿಧಾನವಾಗಿ ಎದ್ದು ಬೀಳುತ್ತಿದ್ದವು. ಎದ್ದಾಗ ರಕ್ತದೊತ್ತಡ ಸರಿಯಾಗಿತ್ತು, ಕಣ್ಣು ತಿಳಿಯಾಗಿತ್ತು. ಆರು ತಾಸು ಗಾಢವಾಗಿ ನಿದ್ದೆ ಮಾಡಿದವನ ದೇಹ ಹೇಗಿರಬೇಕೋ ಹಾಗೇ ಇತ್ತು.

"ಹೆಂಗನ್ನಿಸ್ತೈತಿ?" ಎಂದು ಡಾಕ್ಟರ್ ಯಮುನಾ ಹಂಪಿಹೊಳಿ ಕೇಳಿದಳು. ಇದು ಪಟ್ಟಿ ಬಳಸುವವರ ವಾರ್ಷಿಕ ತಪಾಸಣೆ.

"ಮೈ ಹಗುರ ಐತ್ರಿ, ಡಾಕ್ಟ್ರಮ್ಮ." ಅವನು ಪಟ್ಟಿ ಬಿಚ್ಚಿ ಅವಳ ಕೈಗಿಟ್ಟ. "ಒಂದು ಮಾತು ಕೇಳ್ಲೇನ್ರಿ? ನನ್ನ ಹೆಂಡ್ತಿ ಪಾರವ್ವ ತೀರ್ಕೊಂಡು ಎರಡು ವರ್ಷ ಆತು. ನಮ್ಮವ್ವ ಹೋದಾಗ ಆರು ತಿಂಗಳಿಗೆ ಸಂಕಟ ಒಂಚೂರು ತಣ್ಣಗಾಗಿತ್ತು. ಇದು ಆಗವಲ್ದು. ದಿನಾ ಈಗಷ್ಟ ದವಾಖಾನಿಯಿಂದ ಆಕಿ ಹೆಣ ತಂದಂಗ ಐತಿ. ಕನಸಿನ್ಯಾಗರ ಬರಬೇಕಲ್ರಿ ಆಕಿ? ಅದೂ ಇಲ್ಲ. ನನ್ನಿಂದ ಏನರ ತಪ್ಪಾಗೇತೇನು?"

ಆ ಪಟ್ಟಿ ಯಮುನಾಳದೇ ಶೋಧ.

ಹನ್ನೊಂದು ವರ್ಷಗಳ ಹಿಂದೆ ಅವಳು ತೋರಣಗಲ್ಲಿನಲ್ಲಿ ಪಾಳಿ ಕೆಲಸಗಾರರ ಸಣ್ಣ ಚಿಕಿತ್ಸಾಲಯ ನಡೆಸುತ್ತಿದ್ದಳು. ಮಲಗಿದರೂ ನಿದ್ದೆ ಹತ್ತದವರು ಬರುತ್ತಿದ್ದರು. ನಿದ್ದೆಯಲ್ಲಿ ಉಸಿರು ನಿಂತು ನಿಂತು ಬೆಚ್ಚಿ ಏಳುವವರು, ನಿದ್ದೆಗೆಟ್ಟು ಸಕ್ಕರೆ ಕಾಯಿಲೆ ಅಂಟಿಸಿಕೊಂಡವರು, ಯಂತ್ರದ ಮುಂದೆ ತೂಕಡಿಸಿ ಬೆರಳು ಕಳೆದುಕೊಂಡವರೂ ಬರುತ್ತಿದ್ದರು. ಅವರಿಗಾಗಿಯೇ ಪಟ್ಟಿ ಹುಟ್ಟಿತು. ನಮ್ಮ ನಿದ್ದೆಯಲ್ಲಿ ಮುಖ್ಯವಾಗಿ ಎರಡು ಬಗೆ. ಗಾಢ ನಿದ್ದೆಯಲ್ಲಿ ದೇಹದ ದುರಸ್ತಿ ನಡೆಯುತ್ತದೆ. ಕನಸಿನ ನಿದ್ದೆಯಲ್ಲಿ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ಓಡಾಡುತ್ತದೆ. ಪಟ್ಟಿಯ ಸಣ್ಣ ವಿದ್ಯುತ್ ಮಿಡಿತ ಮಿದುಳನ್ನು ನೇರವಾಗಿ ಗಾಢ ನಿದ್ದೆಗೆ ಇಳಿಸಿ, ಅಲ್ಲೇ ಹಿಡಿದಿಟ್ಟು, ದುರಸ್ತಿಯ ವೇಗ ಹೆಚ್ಚಿಸುತ್ತಿತ್ತು. ಕನಸಿನ ಭಾಗವನ್ನು ಅವಳು ಕೈಬಿಟ್ಟಿದ್ದಳು. ಬಿಟ್ಟರೆ ನಡೆಯುತ್ತದೆ ಎಂದುಕೊಂಡಿದ್ದಳು.

ಐದಾರು ವರ್ಷಗಳಲ್ಲಿ ಊರ ಚಹರೆಯೇ ಬದಲಾಯಿತು. ಕಾರ್ಖಾನೆಗಳ ಪಾಳಿ ಎಂಟು ತಾಸಿನಿಂದ ಹದಿನೆಂಟಕ್ಕೇರಿತು. ಹೊಸ ಮನೆಗಳಲ್ಲಿ ಮಲಗುವ ಕೋಣೆ ಕಟ್ಟುವುದು ನಿಂತಿತು. ಒಂದು ಒರಗು ಕುರ್ಚಿ ಸಾಕಿತ್ತು. ದಣಿದವರಿಗೆ ವಿಶ್ರಾಂತಿ ಸಿಗಲೆಂದು ಅವಳು ಉಳಿಸಿಕೊಟ್ಟ ತಾಸುಗಳೆಲ್ಲ ಕೆಲಸಕ್ಕೇ ಹೋದವು.

ಹುಲಿಗೆಪ್ಪ ಉಕ್ಕಿನ ಕಾರ್ಖಾನೆಯ ಕ್ರೇನ್ ಚಾಲಕ. ಇವನಿಗೆ ಖಿನ್ನತೆಯ ಮಾತ್ರೆ ಬರೆದುಕೊಟ್ಟು ಕಳಿಸಬಹುದಿತ್ತು. ಆದರೆ ಅವನ ಪ್ರಶ್ನೆ ಅವಳನ್ನೇ ತಿವಿಯಿತು. ಆರು ವರ್ಷಗಳ ಹಿಂದೆ, ತಾಯಿಯನ್ನು ಯಾರು ನೋಡಿಕೊಳ್ಳಬೇಕೆಂಬ ವಿಷಯಕ್ಕೆ ಅಕ್ಕ ವಿಮಲೆಯೊಂದಿಗೆ ಜಗಳವಾಗಿತ್ತು. ಅಂದು ಅಕ್ಕ ಆಡಿದ ಮಾತು ಯಮುನಾಳಿಗೆ ಇವತ್ತಿಗೂ ಅಕ್ಷರಶಃ ನೆನಪಿತ್ತು. ಆ ಮಾತು ಒಂದಿಷ್ಟೂ ಮೊಂಡಾಗಿರಲಿಲ್ಲ. ಯಮುನಾಳೂ ಏಳು ವರ್ಷಗಳಿಂದ ಪಟ್ಟಿ ಕಟ್ಟುತ್ತಿದ್ದಳು, ಅಕ್ಕನಿಗೂ ಅವಳೇ ಕೊಟ್ಟಿದ್ದಳು.

"ತಪ್ಪು ನಿಮ್ಮದಲ್ಲ, ಹುಲಿಗೆಪ್ಪ. ನಂದಿರಬೇಕು" ಎಂದಳು. "ಇಪ್ಪತ್ತೊಂದು ದಿನ ಪಟ್ಟಿ ಬಿಟ್ಟು ಇಲ್ಲೇ ಮಲಗ್ತೀರೇನು? ಮೊದಲಿನಂಗ, ಏಳು ತಾಸು?"

ಕಾರ್ಖಾನೆಯ ಪಾಳಿ ಅಧಿಕಾರಿ ಫೋನಿನಲ್ಲಿ ಸಿಟ್ಟಾಗಲಿಲ್ಲ. "ಡಾಕ್ಟ್ರೇ, ಹದಿನೆಂಟು ತಾಸು ಪಾಳಿ, ಏಳು ತಾಸು ನಿದ್ದಿ. ಒಟ್ಟು ಇಪ್ಪತ್ತೈದಾತು. ಒಂದು ತಾಸು ನಾ ಎಲ್ಲಿಂದ ತರ್ಲಿ?" ಎಂದ. ಯಮುನಾ ರಜೆಯ ಪತ್ರಕ್ಕೆ ಸಹಿ ಹಾಕಿದಳು. ಪಟ್ಟಿ ಕಂಡುಹಿಡಿದವಳ ಸಹಿಯನ್ನು ತಳ್ಳಿಹಾಕಲು ಯಾರಿಗೂ ಧೈರ್ಯ ಬರಲಿಲ್ಲ. ಅಂದಿನಿಂದ ಅವಳೂ ಪಟ್ಟಿ ಬಿಟ್ಟಳು.

ಹುಲಿಗೆಪ್ಪನ ದೇಹಕ್ಕೆ ನಿದ್ದೆ ಮಾಡುವುದೇ ಮರೆತುಹೋಗಿತ್ತು. ಮೊದಲ ದಿನಗಳಲ್ಲಿ ಸೂರು ನೋಡುತ್ತ ಬಿದ್ದಿರುತ್ತಿದ್ದ. ತಲೆಸಿಡಿತ, ಸಿಡುಕು. ಐದನೆಯ ದಿನ ನಾಲ್ಕು ತಾಸು ಕಣ್ಣು ಮುಚ್ಚಿದ. ಒಂಬತ್ತನೆಯ ದಿನ ಬೆಳಗಾದ ಮೇಲೂ ಮಲಗಿಯೇ ಇದ್ದ. ಯಮುನಾ ಹತ್ತಿರ ಹೋಗಿ ನೋಡಿದಳು. ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆಗಳು ಅತ್ತಿತ್ತ ಓಡುತ್ತಿದ್ದವು. ಅವಳು ಅವನನ್ನು ಎಬ್ಬಿಸದೆ ಪಕ್ಕದಲ್ಲೇ ಕುಳಿತಳು.

ಎದ್ದವನ ಕೆನ್ನೆ ತೊಯ್ದಿತ್ತು. "ಬಂದಿದ್ದಳ್ರಿ" ಎಂದ. "ಸೊಪ್ಪು ಸೋಸ್ಕೊಂತ ಕುಂತಿದ್ಲು. ನಾ ಎದುರಿಗೆ ಕುಂತೆ. ಅಷ್ಟ."

ಇಪ್ಪತ್ತೊಂದನೆಯ ದಿನ ಅವನು ಪಾರವ್ವನ ಹೆಸರು ಹೇಳಿ, ಅವಳ ಕೈಯಡುಗೆಯ ಸುದ್ದಿ ತೆಗೆದು, ಆಮೇಲೆ ಊಟಕ್ಕೂ ಕುಳಿತ. ನೋವು ಹೋಗಿರಲಿಲ್ಲ, ಆದರೆ ಅದೀಗ ಎರಡು ವರ್ಷ ಹಳೆಯ ನೋವಾಗಿತ್ತು. ಕನಸಿನ ನಿದ್ದೆ ಏನು ಮಾಡುತ್ತಿತ್ತೆಂದು ಯಮುನಾಳಿಗೆ ಆಗ ತಿಳಿಯಿತು. ದಿನದ ಪೆಟ್ಟುಗಳನ್ನು ಅದು ಅಳಿಸುವುದಿಲ್ಲ, ಅವುಗಳ ಉರಿಯನ್ನಷ್ಟೇ ತೆಗೆದು ಒಳಗಿಡುತ್ತದೆ.

ಅಕ್ಕನ ಮಾತು ಅವಳಲ್ಲೂ ಮೊಂಡಾಗಿತ್ತು. ಅದೇ ಸಂಜೆ ಅವಳು ಅಕ್ಕನಿಗೆ ಫೋನ್ ಮಾಡಿದಳು. "ಅಕ್ಕಾ, ನಾನು. ಹೆಂಗದೀ?"

"ಅವತ್ತು ಅಷ್ಟು ಅಂದು ಈಗ ಹೆಂಗದೀ ಅಂತೀಯೇನು?" ಆರು ವರ್ಷಗಳ ಹಿಂದಿನ ಅದೇ ದನಿ, ಅದೇ ಬಿಸಿ. ಫೋನ್ ಕಟ್ಟಾಯಿತು. ಯಮುನಾಳಿಗೆ ಸಿಟ್ಟು ಬರಲಿಲ್ಲ. ಅಕ್ಕನ ಹಣೆಯ ಮೇಲೆ ಪಟ್ಟಿ ಇನ್ನೂ ಇತ್ತು. ಅದನ್ನು ಕಟ್ಟಿದವಳು ತಾನೇ.

ಪಟ್ಟಿಯನ್ನು ನಿಷೇಧಿಸಬೇಕೆಂದು ಸರ್ಕಾರಕ್ಕೆ ವರದಿ ಬರೆಯಲು ಕುಳಿತಳು. ಹೋಲಿಕೆಗೆ, ಪಟ್ಟಿಯೇ ಇಲ್ಲದ ಕಾಲದ ಜನರ ನಿದ್ದೆಯ ವಿವರ ಬೇಕಿತ್ತು. ಹುಡುಕಿದಾಗ ನಲವತ್ತು ವರ್ಷಗಳ ಹಿಂದೆ ಸಣ್ಣ ಊರೊಂದರ ನೂರು ಮನೆಗಳಲ್ಲಿ ನಡೆಸಿದ ಸಮೀಕ್ಷೆಯ ಕಾಗದಗಳು ಸಿಕ್ಕವು. ಎಲ್ಲರೂ ತುಂಬು ನಿದ್ದೆ ಮಾಡಿರುತ್ತಾರೆಂದು ಅವಳು ನಂಬಿದ್ದಳು. ಪುಟ ತಿರುವಿದಂತೆ ಐದು ತಾಸು, ಐದೂವರೆ, ನಾಲ್ಕು ಎಂದೇ ಸಿಗುತ್ತ ಹೋಯಿತು. ಮಂಚವಿತ್ತು, ಕತ್ತಲೆಯಿತ್ತು, ಎಬ್ಬಿಸುವವರು ಯಾರೂ ಇರಲಿಲ್ಲ. ಆದರೂ ಫೋನ್ ಹಿಡಿದು ಎಚ್ಚರವಾಗಿರುತ್ತಿದ್ದರು.

ಕಾರಣದ ಕಾಲಂನಲ್ಲಿ ಒಬ್ಬ ಹೆಂಗಸು ತನ್ನ ಕೈಯಾರೆ ಬರೆದಿದ್ದಳು: "ಫೋನಿನಲ್ಲಿ ನೋಡುವಂಥದ್ದೇನೂ ಇರೋದಿಲ್ಲ. ದಿನವೆಲ್ಲ ಬೇರೆಯವರಿಗೆ ಹೋಗುತ್ತದೆ. ಅದೊಂದು ಹೊತ್ತು ಮಾತ್ರ ನನ್ನದು. ಮಲಗಿಬಿಟ್ಟರೆ ಅದೂ ಹೋಯಿತಲ್ಲ ಅಂತ."

ಯಮುನಾ ಆ ಸಾಲನ್ನು ಹಲವು ಸಲ ಓದಿದಳು. ನಿದ್ದೆಯನ್ನು ಮೊದಲು ಕಿತ್ತುಕೊಂಡವಳು ತಾನು ಎಂದು ಇಷ್ಟು ದಿನ ಕೊರಗಿದ್ದಳು. ಈ ಹೆಂಗಸಿನ ಹಣೆಯ ಮೇಲೆ ಯಾವ ಪಟ್ಟಿಯೂ ಇರಲಿಲ್ಲ.

ವರದಿಯ ಮೊದಲ ವಾಕ್ಯವನ್ನು ಹೊಡೆದುಹಾಕಿದಳು. ಪಟ್ಟಿಯ ಮಾತನ್ನು ಎರಡನೆಯ ಪುಟಕ್ಕೆ ಸರಿಸಿ, ಜನರಿಗೆ ಮೊದಲು ಅವರ ಹಗಲನ್ನು ಮರಳಿ ಕೊಡಬೇಕು ಎಂದು ಬರೆಯತೊಡಗಿದಳು.