ಬಳೆ ತೊಡದ ಕೈ

ಮಂಡಿನೋವಿನ ಅಮ್ಮನನ್ನು ಫಿಸಿಯೋಥೆರಪಿಗೆ ಒಳಗೆ ಕಳಿಸಿ, ವಿಜಯನಗರದ ಪೇನ್ ಕ್ಲಿನಿಕ್ಕಿನಲ್ಲಿ ಕೂತಿದ್ದ ಭೈರೇಶನಿಗೆ ಎದುರು ಬೆಂಚಿನಲ್ಲಿ ಕವನಾ ಕಂಡಳು. ಎಡಗೈಯನ್ನು ಹಸುಗೂಸಿನಂತೆ ಮಡಿಲಲ್ಲಿಟ್ಟುಕೊಂಡಿದ್ದಳು. ಅದೇ ಓರೆನೋಟ.

ಹೋದ ವರ್ಷ ಇವರಿಬ್ಬರ ಮದುವೆ ನಿಂತುಹೋಗಿತ್ತು. ಅತ್ತಿಗುಪ್ಪೆಯ ಅವಳ ಮನೆಯಲ್ಲಿ, ಬಳೆ ಶಾಸ್ತ್ರದ ದಿನ, ಬಳೆಗಾರ ಎಡಗೈ ಹಿಡಿದದ್ದೇ ತಡ, ಕವನಾ ಚೀರಿ ಕೈ ಕಿತ್ತುಕೊಂಡಳು. ಹಸಿರು ಬಳೆ ಚೂರುಚೂರಾಯಿತು. ಅದಕ್ಕೂ ಮುಂಚೆ ಸ್ಕೂಟರಿನಿಂದ ಬಿದ್ದು ಮುರಿದಿದ್ದ ಅವಳ ಮಣಿಕಟ್ಟು ಕೂಡಿಕೊಂಡಿದೆ ಎಂದು ಎಕ್ಸ್‌ರೇ ಹೇಳಿತ್ತು. ಹಾಗಾದರೆ ನೋವೆಲ್ಲಿಂದ? ಹುಡುಗಿಗೆ ಮನಸ್ಸಿಲ್ಲ, ಬರೀ ನಾಟಕ ಎಂದರು ಭೈರೇಶನ ಅಮ್ಮ. ಪಾರ್ಕಿನಲ್ಲಿ ತಾನು ಕೈ ಹಿಡಿದಾಗಲೂ ಅವಳು ಕೊಸರಿಕೊಂಡದ್ದು ನೆನಪಾಗಿ, ಅವನೂ ತಲೆಯಾಡಿಸಿದ್ದ. ಗಂಡಸಿನ ಅಹಂಕಾರಕ್ಕೆ ಅಷ್ಟು ಸಾಕ್ಷಿ ಸಾಕಾಗುತ್ತದೆ.

ಈಗ ಎದ್ದು ಹೋಗಿ ಪಕ್ಕದಲ್ಲಿ ಕೂತ.

“ಕೈ ಇನ್ನೂ ನೋಯುತ್ತಾ?”

“ಹೂಂ. ಹೆಸರೊಂದು ಸಿಕ್ಕಿದೆ, ಸಿಆರ್‌ಪಿಎಸ್ ಅಂತೆ. ಮೂಳೆ ಕೂಡಿದ್ರೂ ನೋವು ಹೋಗಲ್ವಂತೆ.” ಅವಳು ನಕ್ಕಳು. “ಇದನ್ನ ಹಿಡಿಯೋಕೆ ಒಂದೇ ಟೆಸ್ಟ್ ಅಂತ ಇಲ್ಲ. ಡಾಕ್ಟ್ರು ಎರಡೂ ಕೈ ಪಕ್ಕಪಕ್ಕ ಇಡಿಸಿ ಬಣ್ಣ, ಊತ, ಬೆವರು, ಬಿಸಿ ಎಲ್ಲಾ ನೋಡಿದ್ರು. ಹತ್ತಿ ಸವರಿದ್ದಕ್ಕೇ ಉರಿದುಹೋಯ್ತು. ಬೇರೆ ಕಾಯಿಲೆ ಯಾವ್ದೂ ಅಲ್ಲ ಅಂತ ಖಾತ್ರಿ ಮಾಡ್ಕೊಂಡ್ರು. ನರಕ್ಕೆ ಪೆಟ್ಟಾಗಿದ್ರೆ ಎರಡನೇ ಟೈಪು, ನಂದು ಮೊದಲ್ನೇದು.”

ಊದಿ ಕೆನ್ನೀಲಿಯಾಗಿದ್ದ ಆ ಬೆರಳುಗಳನ್ನು ನೋಡಿ ಅವನ ಕಣ್ಣು ತುಂಬಿತು. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ಹಾಗಾಯಿತು ಅವನ ಪಾಡು.

“ತಪ್ಪಾಯ್ತು ಕಣೇ. ನಾನಿನ್ನೂ ಮದ್ವೆ ಆಗಿಲ್ಲ. ಬಳೆ, ಶಾಸ್ತ್ರ ಏನೂ ಬೇಡ. ಅಮ್ಮಂಗೆ ಇವತ್ತೇ ಹೇಳ್ತೀನಿ. ನಿನ್ನ ಮರೆಯೋಕೆ ಆಗ್ಲಿಲ್ಲ.”

“ನಂಗೂ ಆಗ್ಲಿಲ್ಲ.”

ಅವನ ಮುಖ ಅರಳಿತು. ಅವಳು ಮಾತ್ರ ನೆಲ ನೋಡುತ್ತಿದ್ದಳು.

“ಪಾರ್ಕಲ್ಲಿ ಕೈ ಎಳ್ಕೊಂಡಾಗ, ತುಂಬಾ ಉರೀತಿದೆ ಅಂತ ನಿಮಗೆ ಹೇಳಿದ್ದೆ. ನೆನಪಿದ್ಯಾ?”

ನೆನಪಿತ್ತು. ಅವನು ತಲೆ ತಗ್ಗಿಸಿದ.

“ನಾನು ಹೇಳಿದ್ದು ಸಾಲ್ಲಿಲ್ಲ. ಡಾಕ್ಟ್ರು ಹೇಳಿದ್ದು ಸಾಕಾಯ್ತು. ನಾಳೆ ಇನ್ನೆಲ್ಲೋ ನೋವಾದ್ರೆ ಅದಕ್ಕೂ ರಿಪೋರ್ಟ್ ತಂದು ತೋರಿಸ್ಬೇಕಾ?”

ಒಳಗಿನಿಂದ ಕವನಾ ಹೆಸರು ಕೂಗಿದರು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದಳು. ಅಷ್ಟರಲ್ಲಿ ಅವನ ಅಮ್ಮ ಗೋಡೆ ಹಿಡಿದುಕೊಂಡು ನಿಧಾನವಾಗಿ ಹೊರಬಂದರು.

“ಮೆಟ್ಟಿಲಲ್ಲಿ ಅವರ ತೋಳು ಹಿಡ್ಕೊಳ್ಳಿ,” ಎಂದಳು ಕವನಾ. “ಇಳಿಯುವಾಗ ಮಂಡಿ ತುಂಬಾ ನೋಯುತ್ತೆ ಅವ್ರಿಗೆ.”

ಹೇಳಿ ಒಳಗೆ ಹೋದಳು.